ಎರಕದ ಅಲ್ಯೂಮಿನಿಯಂಗೆ ಬಲ ಬರುವುದು ಎಲ್ಲಿಂದ?

ಶಿರಾಡಿ ಘಾಟಿಯ ಹೊಂಡಕ್ಕೆ ಬಿದ್ದು ಕಾರಿನ ಅಲಾಯ್ ವೀಲ್ ಬಿರುಕು ಬಿಟ್ಟರೆ ಅದಕ್ಕೆ ಆರ್ಗಾನ್ ವೆಲ್ಡಿಂಗ್ ಮಾಡಿಕೊಡುವವರು ಈಗ ಹಾಸನದಂಥ ಊರುಗಳಲ್ಲೂ ಸಿಗುತ್ತಾರೆ. ಬಿರುಕು ಮುಚ್ಚುತ್ತದೆ, ಟೈರಿನಲ್ಲಿ ಗಾಳಿ ನಿಲ್ಲುತ್ತದೆ, ಬಣ್ಣ ಬಳಿದ ಮೇಲೆ ಗುರುತೂ ಕಾಣುವುದಿಲ್ಲ. ಆದರೆ ಬೆಸುಗೆಯ ಅಕ್ಕಪಕ್ಕದ ಲೋಹ ಮೊದಲಿನ ಬಲದಲ್ಲಿ ಉಳಿದಿರುವುದಿಲ್ಲ. ಅಲ್ಲಿರುವುದು ಅದೇ ಅಲ್ಯೂಮಿನಿಯಂ, ಅದರಲ್ಲಿ ಬೆರೆತ ಸಿಲಿಕಾನ್ ಮತ್ತು ಮೆಗ್ನೀಷಿಯಂ ಪ್ರಮಾಣವೂ ಅಷ್ಟೇ. ಹಾಗಿದ್ದರೆ ಕಳೆದುಹೋದದ್ದು ಏನು?

ನಮ್ಮ ಹಾಸನ ಜಿಲ್ಲೆಯ ಮಟ್ಟಿಗೂ ಇದು ಪ್ರಯೋಗಾಲಯದವರಿಗೆ ಬಿಟ್ಟ ವಿಚಾರವೆಂದು ಸುಮ್ಮನಿರುವ ಹಾಗಿಲ್ಲ. ಬೈಕಿನ ಎಂಜಿನ್ ಕೇಸು, ಸಕಲೇಶಪುರದ ಕಾಫಿ ತೋಟಗಳಲ್ಲಿ ಕಳೆ ಕತ್ತರಿಸುವ ಯಂತ್ರ, ಅರಕಲಗೂಡಿನ ಹೊಲದಲ್ಲಿ ಔಷಧಿ ಹೊಡೆಯುವ ಪವರ್ ಸ್ಪ್ರೇಯರ್, ಅಡುಗೆಮನೆಯ ದಪ್ಪ ತಳದ ಬಾಣಲೆ, ಎಲ್ಲದರಲ್ಲೂ ಎರಕ ಹೊಯ್ದ ಅಲ್ಯೂಮಿನಿಯಂ ಇದೆ. ಶುದ್ಧ ಅಲ್ಯೂಮಿನಿಯಂ ಬಹಳ ಮೆತ್ತಗಿನ ಲೋಹ, ಎಂಜಿನ್ನಿನ ಭಾರ ತಡೆಯಲಾರದು. ಅದಕ್ಕೆ ಬೇರೆ ಧಾತು ಬೆರೆಸಬೇಕು, ಬೆರೆಸಿದ ಮೇಲೆ ಕಾಯಿಸಿ ಹದ ಮಾಡಬೇಕು. ಫೌಂಡ್ರಿಗಳಲ್ಲಿ ಎಲ್‌ಎಂ25 ಎಂದು ಕರೆಯುವ ಮಿಶ್ರಲೋಹದಲ್ಲಿ ಸುಮಾರು ಶೇ. 7ರಷ್ಟು ಸಿಲಿಕಾನ್, ಅಲ್ಪಸ್ವಲ್ಪ ಮೆಗ್ನೀಷಿಯಂ ಇರುತ್ತದೆ. ಅದನ್ನು ಮರಳಿನ ಅಚ್ಚಿನಲ್ಲಿ ಎರೆದು ಹಾಗೇ ಬಿಟ್ಟರೆ ಎಳೆತ ತಡೆಯುವ ಬಲ ಸುಮಾರು 130ರಿಂದ 150 ಮೆಗಾಪಾಸ್ಕಲ್. ಪೂರ್ತಿ ಹೀಟ್ ಟ್ರೀಟ್‌ಮೆಂಟ್ ಆದ ಮೇಲೆ 230ರಿಂದ 280. ಒಂದು ಚಿಟಿಕೆಯನ್ನೂ ಹೊಸದಾಗಿ ಸೇರಿಸದೆ, ಕಾಯಿಸಿ ಆರಿಸುವುದರಿಂದಲೇ ಬಲ ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ.

ಇದು ಹೇಗೆ ಆಗುತ್ತದೆ ಎಂಬ ಬಗ್ಗೆ ನೂರು ವರ್ಷಗಳಿಂದ ವಾದ ನಡೆದಿದೆ. ಒಬ್ಬರು ಲೋಹದೊಳಗಿನ ಕಣಗಳನ್ನು ತೋರಿಸುತ್ತಾರೆ, ಒಬ್ಬರು ಸಿಲಿಕಾನಿನ ಆಕಾರವನ್ನು, ಇನ್ನೊಬ್ಬರು ಎರೆಯುವಾಗ ಒಳಸೇರಿದ ಪೊರೆಗಳನ್ನು. ನನ್ನ ಮಟ್ಟಿಗೆ ಈ ಜಗಳದ ಬಹುಭಾಗಕ್ಕೆ ಕಾರಣ, ಅವರೆಲ್ಲ ಒಂದೇ ಪ್ರಶ್ನೆಗೆ ಉತ್ತರಿಸುತ್ತಿಲ್ಲ ಎಂಬುದು. ಲೋಹ ಯಾವ ಭಾರಕ್ಕೆ ಬಾಗತೊಡಗುತ್ತದೆ ಎನ್ನುವುದು ಒಂದು ಪ್ರಶ್ನೆ. ಬಾಗತೊಡಗಿದ ಮೇಲೆ ಎಷ್ಟು ಹಿಗ್ಗಿ ಎಲ್ಲಿ ಮುರಿಯುತ್ತದೆ ಎನ್ನುವುದು ಇನ್ನೊಂದು.

ವಿಮಾನ ಹಾರಿತು, ವಿವರಣೆ ಆಮೇಲೆ ಬಂತು

1903ರ ಡಿಸೆಂಬರಿನಲ್ಲಿ ರೈಟ್ ಸಹೋದರರ ವಿಮಾನವನ್ನು ನೆಲದಿಂದ ಎತ್ತಿದ ಎಂಜಿನ್ನಿನ ಕ್ರ್ಯಾಂಕ್‌ಕೇಸು ಎರಕದ ಅಲ್ಯೂಮಿನಿಯಂನದು. ಅದರಲ್ಲಿ ಶೇ. 8ರಷ್ಟು ತಾಮ್ರ ಬೆರೆತಿತ್ತು. ಅಲ್ಯೂಮಿನಿಯಂ ಅನ್ನು ಕಾಯಿಸಿ ಹದ ಮಾಡುವ ವಿದ್ಯೆ ಆಗಿನ್ನೂ ಯಾರಿಗೂ ಗೊತ್ತಿರಲಿಲ್ಲ. ಆದರೂ 1994ರಲ್ಲಿ ಗೇಲ್ ಮತ್ತು ಗುಡ್‌ವೇ ಎಂಬ ಸಂಶೋಧಕರು ಆ ಕ್ರ್ಯಾಂಕ್‌ಕೇಸಿನ ಚೂರನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ, ತಾಮ್ರದ ಪರಮಾಣುಗಳು ಗುಂಪುಗೂಡಿದ ಕಿರುವಲಯಗಳು ಕಂಡವು. ಅವು ಎರಡು ಗಾತ್ರದವು: ಕೆಲವು 10ರಿಂದ 22 ನ್ಯಾನೊಮೀಟರ್, ಕೆಲವು ಸುಮಾರು 3 ನ್ಯಾನೊಮೀಟರ್. ಅಚ್ಚಿನಲ್ಲಿ ಆರುತ್ತ ಆರುತ್ತಲೇ ಆ ಲೋಹ ತನ್ನಷ್ಟಕ್ಕೆ ಹದಗೊಂಡಿತ್ತು.

ಹದದ ಗುಟ್ಟು ಬಯಲಾದದ್ದು ಜರ್ಮನಿಯಲ್ಲಿ. 1906ರ ಹೊತ್ತಿಗೆ ಆಲ್ಫ್ರೆಡ್ ವಿಲ್ಮ್ ತಾಮ್ರ, ಮೆಗ್ನೀಷಿಯಂ ಬೆರೆತ ಅಲ್ಯೂಮಿನಿಯಂ ಅನ್ನು ಕಾಯಿಸಿ ನೀರಿಗೆ ಅದ್ದಿ ಗಡಸುತನ ಅಳೆಯುತ್ತಿದ್ದ. ಉಕ್ಕಿನ ಹಾಗೆ ತಕ್ಷಣ ಗಡಸಾಗುತ್ತದೆ ಎಂಬುದು ಅವನ ನಿರೀಕ್ಷೆ. ಹಾಗಾಗಲಿಲ್ಲ. ಕೆಲವು ದಿನ ಬಿಟ್ಟು ಅದೇ ತುಂಡನ್ನು ಮತ್ತೆ ಅಳೆದಾಗ ಗಡಸುತನ ಏರಿತ್ತು. ಮುಂದೆ ಡ್ಯೂರಾಲುಮಿನ್ ಎಂದು ಹೆಸರಾದದ್ದು ಈ ಲೋಹವೇ. ಸುಮ್ಮನಿಟ್ಟ ಲೋಹ ಯಾಕೆ ಗಟ್ಟಿಯಾಗುತ್ತದೆ ಎಂದು ಹೇಳಲು ಮಾತ್ರ ವಿಲ್ಮ್‌ಗೆ ಆಗಲಿಲ್ಲ. ಅದಕ್ಕೆ 1919ರವರೆಗೆ ಕಾಯಬೇಕಾಯಿತು. ಆ ವರ್ಷ ಅಮೆರಿಕದ ಮೆರಿಕಾ, ವಾಲ್ಟನ್‌ಬರ್ಗ್ ಮತ್ತು ಸ್ಕಾಟ್ ಸರಳವಾದ ಒಂದು ಸಂಗತಿಯ ಮೇಲೆ ಬೆರಳಿಟ್ಟರು. ಕಾದ ಅಲ್ಯೂಮಿನಿಯಂನಲ್ಲಿ ತಾಮ್ರ ಹೆಚ್ಚು ಕರಗುತ್ತದೆ, ತಣ್ಣಗಾದಾಗ ಬಹಳ ಕಡಿಮೆ. 548 ಡಿಗ್ರಿಯಲ್ಲಿ ಘನ ಅಲ್ಯೂಮಿನಿಯಂ ಶೇ. 5.65ರಷ್ಟು ತಾಮ್ರವನ್ನು ಹಿಡಿದಿಟ್ಟುಕೊಳ್ಳಬಲ್ಲದು, ಕೋಣೆಯ ಉಷ್ಣತೆಯಲ್ಲಿ ಹೆಚ್ಚುಕಡಿಮೆ ಏನನ್ನೂ ಇಲ್ಲ. ಥಟ್ಟನೆ ತಣಿಸಿದರೆ ಹೊರಬರಲು ಸಮಯ ಸಿಗದೆ ಸಿಕ್ಕಿಬಿದ್ದ ತಾಮ್ರ, ಆಮೇಲೆ ನಿಧಾನವಾಗಿ ಅತಿಸೂಕ್ಷ್ಮ ಕಣಗಳಾಗಿ ಬೇರ್ಪಡುತ್ತದೆ.

ಆ ಕಣಗಳು ಆಗಿನ ಯಾವ ಸೂಕ್ಷ್ಮದರ್ಶಕಕ್ಕೂ ಕಾಣುತ್ತಿರಲಿಲ್ಲ. 1938ರಲ್ಲಿ ಫ್ರಾನ್ಸಿನಲ್ಲಿ ಗಿನಿಯೆ, ಇಂಗ್ಲೆಂಡಿನಲ್ಲಿ ಪ್ರೆಸ್ಟನ್, ಒಬ್ಬರಿಗೊಬ್ಬರು ತಿಳಿಯದೆ, ಎಕ್ಸ್‌ರೇ ಚಿತ್ರಗಳಲ್ಲಿ ಅವುಗಳ ಸುಳಿವು ಹಿಡಿದರು. ರೈಟ್ ಎಂಜಿನ್ನಿನಲ್ಲಿ ಸಿಕ್ಕ ವಲಯಗಳನ್ನು ಇಂದಿಗೂ ಈ ಇಬ್ಬರ ಹೆಸರಿನಿಂದಲೇ ಕರೆಯುವುದು.

ಈ ವಿದ್ಯೆ ಕನ್ನಡ ನಾಡಿಗೆ ಬಂದದ್ದೂ ವಿಮಾನದ ಬೆನ್ನು ಹತ್ತಿಯೇ. 1940ರಲ್ಲಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸರ್ಕಾರದ ಜೊತೆಗೂಡಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಆರಂಭಿಸಿದರು, ಅದೇ ಇಂದಿನ ಎಚ್‌ಎಎಲ್. ಐದು ವರ್ಷಗಳ ಬಳಿಕ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಲೋಹಶಾಸ್ತ್ರ ವಿಭಾಗ ತೆರೆಯಿತು.

ಬಲವೆಲ್ಲ ಸೂಕ್ಷ್ಮ ಕಣಗಳಲ್ಲಿ ಎನ್ನುವವರು

ಮೊದಲ ಪಂಥ ಮೆರಿಕಾನ ವಂಶದ್ದು. ಲೋಹ ಬಾಗುವಾಗ ಪರಮಾಣುಗಳ ಪದರವೊಂದು ಇಡಿಯಾಗಿ ಜಾರುವುದಿಲ್ಲ. ಹಾಸಿದ ಜಮಖಾನದ ಒಂದು ತುದಿಯಲ್ಲಿ ಸುಕ್ಕು ಎಬ್ಬಿಸಿ ಅದನ್ನು ಇನ್ನೊಂದು ತುದಿಗೆ ತಳ್ಳಿದರೆ ಇಡೀ ಜಮಖಾನ ಹೇಗೆ ಸುಲಭವಾಗಿ ಸರಿಯುತ್ತದೋ, ಹಾಗೆ ಪರಮಾಣುಗಳ ಸಾಲಿನಲ್ಲಿರುವ ಡಿಸ್‌ಲೊಕೇಶನ್ ಎಂಬ ಕೊರತೆ ಹರಳಿನ ಉದ್ದಕ್ಕೂ ಸಾಗುತ್ತದೆ. ಲೋಹವನ್ನು ಬಲಪಡಿಸುವುದು ಎಂದರೆ ಆ ಸಾಗಾಟಕ್ಕೆ ಅಡ್ಡಿ ಹಾಕುವುದು. ಕಣಗಳು ತೀರಾ ಚಿಕ್ಕವಿದ್ದರೆ ಡಿಸ್‌ಲೊಕೇಶನ್ ಅವನ್ನು ಸೀಳಿ ಹೋಗುತ್ತದೆ. ದೊಡ್ಡದಾಗಿ ದೂರದೂರ ನಿಂತರೆ ಅವುಗಳ ನಡುವೆ ಬಾಗಿ ನುಸುಳುತ್ತದೆ. ಈ ಎರಡನೆಯ ದಾರಿಯನ್ನು 1948ರಲ್ಲಿ ಒರೊವಾನ್ ಲೆಕ್ಕ ಹಾಕಿ ತೋರಿಸಿದ. ಸೀಳುವುದೂ ಕಷ್ಟ, ನುಸುಳುವುದೂ ಕಷ್ಟ ಎನ್ನುವ ನಡುಗಾತ್ರದಲ್ಲಿ ಬಲ ಶಿಖರ ಮುಟ್ಟುತ್ತದೆ.

ಫೌಂಡ್ರಿಯವರು ಟಿ6 ಎನ್ನುವ ಹೀಟ್ ಟ್ರೀಟ್‌ಮೆಂಟ್ ಈ ನಡುಗಾತ್ರವನ್ನು ಹುಡುಕುವ ಕ್ರಮ. ಎಲ್‌ಎಂ25ನ ಎರಕವನ್ನು ಸುಮಾರು 540 ಡಿಗ್ರಿಯಲ್ಲಿ ಹಲವು ಗಂಟೆ ಇಡುತ್ತಾರೆ, ಆಗ ಮೆಗ್ನೀಷಿಯಂ ಮತ್ತು ಒಂದಿಷ್ಟು ಸಿಲಿಕಾನ್ ಅಲ್ಯೂಮಿನಿಯಂ ಒಳಗೆ ಕರಗುತ್ತವೆ. ಕುಲುಮೆಯಿಂದ ತೆಗೆದ ಕೂಡಲೇ ಬಿಸಿನೀರಿಗೆ ಅದ್ದುತ್ತಾರೆ. ತಣ್ಣೀರಿಗೆ ಹಾಕಿದರೆ ತೆಳು ಭಾಗ, ದಪ್ಪ ಭಾಗಗಳು ಬೇರೆಬೇರೆ ವೇಗದಲ್ಲಿ ತಣಿದು ಎರಕ ಸೊಟ್ಟಗಾಗುವ ಭಯವಿರುತ್ತದೆ. ಕೊನೆಗೆ 150ರಿಂದ 170 ಡಿಗ್ರಿಯ ಓವನ್ನಿನಲ್ಲಿ ಕೆಲವು ಗಂಟೆ ಮಾಗಿಸುತ್ತಾರೆ. ಮೆಗ್ನೀಷಿಯಂ, ಸಿಲಿಕಾನ್ ಸೇರಿ ಸೂಜಿಯಂಥ ಕಣಗಳಾಗುವುದು ಆಗ. ಹೆಚ್ಚು ಹೊತ್ತು ಇಟ್ಟರೆ, ಅಥವಾ ಶಾಖ ಮೀರಿದರೆ, ಚಿಕ್ಕ ಕಣಗಳು ಕರಗಿ ದೊಡ್ಡವು ಇನ್ನಷ್ಟು ಬೆಳೆಯುತ್ತವೆ, ಬಲ ಇಳಿಯುತ್ತದೆ.

ಚಕ್ರಕ್ಕೆ ಬೆಸುಗೆ ಹಾಕಿದಾಗ ಆಗುವುದು ಇದೇ. ಬೆಸುಗೆಗೆ ತೀರಾ ಹತ್ತಿರದ ಲೋಹದಲ್ಲಿ ಕಣಗಳು ಮತ್ತೆ ಕರಗಿಹೋಗುತ್ತವೆ, ಸ್ವಲ್ಪ ಆಚೆ ಊದಿಕೊಳ್ಳುತ್ತವೆ. ಇಡೀ ಚಕ್ರವನ್ನು ಮತ್ತೆ 540 ಡಿಗ್ರಿಗೆ ಏರಿಸಿ ಅದ್ದಿ ಮಾಗಿಸದೆ ಹಳೆಯ ಬಲ ಮರಳುವುದಿಲ್ಲ. ಗ್ಯಾರೇಜಿನಲ್ಲಿ ಅದು ಆಗದ ಮಾತು. ಬಿರುಕು ಬಿಟ್ಟ ಚಕ್ರವನ್ನು ಬೆಸೆದು ಮತ್ತೆ ಹೆದ್ದಾರಿಗೆ ಇಳಿಸುವುದು ತಪ್ಪು ಎಂದು ನಾನು ಹೇಳುವುದಕ್ಕೆ ಕಾರಣವೂ ಇದೇ. ಬೆಸೆದವನ ಕೈಚಳಕ ಎಷ್ಟೇ ಚೆನ್ನಾಗಿರಲಿ, ಹೋದ ಹದವನ್ನು ಆ ಟಾರ್ಚು ಹಿಂದಕ್ಕೆ ತರಲಾರದು.

ಬಾಗುವ ಬಲವನ್ನು ಈ ಪಂಥದಷ್ಟು ಚೆನ್ನಾಗಿ ವಿವರಿಸಿದವರು ಬೇರೆ ಯಾರೂ ಇಲ್ಲ. ಆದರೂ ಒಳಜಗಳ ಮುಗಿದಿಲ್ಲ. ಆ ಸೂಜಿಕಣಗಳಲ್ಲಿ ಎರಡು ಮೆಗ್ನೀಷಿಯಂಗೆ ಒಂದು ಸಿಲಿಕಾನ್ ಎಂದು ಬಹುಕಾಲ ನಂಬಿದ್ದರು. 1997ರಲ್ಲಿ ಐದಕ್ಕೆ ಆರು ಎಂಬ ರಚನೆ ಪ್ರಕಟವಾಯಿತು. ಅದರ ಮುಂದಿನ ದಶಕದಲ್ಲಿ, ಕಣದೊಳಗೆ ಅಲ್ಯೂಮಿನಿಯಂ ಕೂಡ ಇದೆ ಎಂದು ತೋರಿಸುವ ಅಳತೆಗಳು ಬಂದವು. ಎಷ್ಟು ಮೆಗ್ನೀಷಿಯಂ ಹಾಕಿದರೆ ಎಷ್ಟು ಬಲ ಎಂಬ ಲೆಕ್ಕವೇ ಈ ಅನುಪಾತದ ಮೇಲೆ ನಿಂತಿರುವುದರಿಂದ ಇದನ್ನು ಪಂಡಿತರ ಚರ್ಚೆ ಎಂದು ತಳ್ಳಿಹಾಕಲಾಗದು.

ಇನ್ನೊಂದು ತೊಡಕು ಶಾಖದ್ದು. ಎಂಜಿನ್ನಿನ ತಲೆಭಾಗ 200 ಡಿಗ್ರಿ ದಾಟಿದರೆ ಕಷ್ಟಪಟ್ಟು ಮಾಡಿದ ಕಣಗಳು ದಪ್ಪವಾಗತೊಡಗುತ್ತವೆ. ಮೊದಲ ಮಹಾಯುದ್ಧದ ಕಾಲದಲ್ಲಿ ಇಂಗ್ಲೆಂಡಿನ ನ್ಯಾಷನಲ್ ಫಿಸಿಕಲ್ ಲ್ಯಾಬೊರೇಟರಿಯವರು ತಾಮ್ರದ ಜೊತೆ ನಿಕ್ಕಲ್ ಸೇರಿಸಿ ‘ವೈ’ ಮಿಶ್ರಲೋಹ ಮಾಡಿದ್ದು ಇದಕ್ಕಾಗಿಯೇ. ಪಿಸ್ಟನ್ನುಗಳಿಗೆ ಬಳಸುವ ಎಲ್‌ಎಂ13ರಲ್ಲಿ ಇಂದಿಗೂ ನಿಕ್ಕಲ್ ಇದೆ. ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿ ಕಾಮಾನಿಯೊ ಚಟ್ಟೋಪಾಧ್ಯಾಯ ಮತ್ತು ಅವರ ಸಂಗಡಿಗರು ಹಿಡಿದ ದಾರಿ ಬೇರೆ. ಶಾಖಕ್ಕೆ ಅಲುಗದ ಜಿರ್ಕೋನಿಯಂ ಕಣಗಳನ್ನು ಮೊದಲು ಹುಟ್ಟಿಸಿ, ಅವುಗಳ ಮೈಮೇಲೆ ತಾಮ್ರದ ಕಣಗಳು ಮೊಳೆಯುವ ಹಾಗೆ ಮಾಡುವುದು. 2017ರಲ್ಲಿ ಅವರು ಪ್ರಕಟಿಸಿದ ಈ ಕೆಲಸ ಓದುವಾಗ, ನಮ್ಮ ನೆಲದಲ್ಲಿ ಈ ಪ್ರಶ್ನೆಗೆ ಇಷ್ಟು ಸೊಗಸಾದ ಉತ್ತರ ಹುಟ್ಟಿತಲ್ಲ ಎಂದು ಹೆಮ್ಮೆಯಾಗುತ್ತದೆ.

ಸಿಲಿಕಾನಿನ ಆಕಾರ ನೋಡುವವರು

ಎರಕದ ಅಲ್ಯೂಮಿನಿಯಂನಲ್ಲಿ ಸಿಲಿಕಾನ್ ಇಲ್ಲದಿದ್ದರೆ ಫೌಂಡ್ರಿ ನಡೆಯುವುದೇ ಕಷ್ಟ. ಅದು ಕರಗಿದ ಲೋಹವನ್ನು ಅಚ್ಚಿನ ಸಂದುಗೊಂದುಗಳಿಗೆ ಹರಿಸುತ್ತದೆ, ಆರುವಾಗ ಕುಗ್ಗುವುದನ್ನು ಕಡಿಮೆ ಮಾಡುತ್ತದೆ. ಶೇ. 12.6ರಷ್ಟು ಸಿಲಿಕಾನ್ ಬೆರೆತರೆ 660 ಡಿಗ್ರಿಯ ಕರಗುವ ಉಷ್ಣತೆ 577ಕ್ಕೆ ಇಳಿಯುತ್ತದೆ. ಆದರೆ ಆರಿದ ಮೇಲೆ ಸಿಲಿಕಾನ್ ಒರಟು ಚಕ್ಕೆಗಳಾಗಿ ಲೋಹದೊಳಗೆ ಹರಡಿಕೊಳ್ಳುತ್ತದೆ. ಚಕ್ಕೆಯ ಚೂಪು ಅಂಚಿನಿಂದಲೇ ಬಿರುಕು ಶುರುವಾಗುತ್ತದೆ.

1920ರ ಸುಮಾರಿಗೆ ಅಲಡಾರ್ ಪಾಕ್ಸ್ ಕರಗಿದ ಲೋಹಕ್ಕೆ ಸೋಡಿಯಂ ಲವಣ ಸೇರಿಸಿದಾಗ ಚಕ್ಕೆಗಳು ಹೋಗಿ ಹವಳದಂತೆ ಕವಲೊಡೆದ ನವಿರು ಎಳೆಗಳು ಬಂದವು. ಹಿಗ್ಗುವ ಗುಣ ಹೆಚ್ಚಿತು. ಆಧುನಿಕ ಅಲ್ಯೂಮಿನಿಯಂ ಎರಕದ ಉದ್ಯಮ ಎದ್ದು ನಿಂತದ್ದು ಇದಕ್ಕೆ ಆತ ಪಡೆದ ಪೇಟೆಂಟಿನ ಮೇಲೆ. ಸೋಡಿಯಂ ಬೇಗ ಸುಟ್ಟುಹೋಗುವುದರಿಂದ ಈಗ ಹೆಚ್ಚಾಗಿ ಸ್ಟ್ರಾನ್ಷಿಯಂ ಬಳಸುತ್ತಾರೆ. ಲಕ್ಷದಲ್ಲಿ ಹತ್ತಿಪ್ಪತ್ತು ಪಾಲು ಇದ್ದರೂ ಸಾಕಾಗುತ್ತದೆ.

ಇಷ್ಟು ಕಡಿಮೆ ಪ್ರಮಾಣ ಇಷ್ಟು ದೊಡ್ಡ ಬದಲಾವಣೆ ಹೇಗೆ ತರುತ್ತದೆ? ಸಿಲಿಕಾನ್ ಹರಳು ಹುಟ್ಟುವ ಜಾಗಗಳನ್ನೇ, ಮುಖ್ಯವಾಗಿ ರಂಜಕದ ಕಣಗಳನ್ನು, ಅದು ಕೆಡಿಸುತ್ತದೆ ಎನ್ನುವವರಿದ್ದಾರೆ. 1987ರಲ್ಲಿ ಲೂ ಮತ್ತು ಹೆಲ್ಲವೆಲ್, ಸ್ಟ್ರಾನ್ಷಿಯಂ ಪರಮಾಣು ಬೆಳೆಯುವ ಹರಳಿನ ಮೆಟ್ಟಿಲಿಗೆ ಅಂಟಿ ಅದನ್ನು ಮತ್ತೆಮತ್ತೆ ಕವಲೊಡೆಸುತ್ತದೆ ಎಂದರು. ಈ ವಾದಗಳನ್ನೆಲ್ಲ ಒಂದೆಡೆ ತಂದು ತೂಗಿದ, ಜಗತ್ತಿನಾದ್ಯಂತ ಉಲ್ಲೇಖಗೊಳ್ಳುವ ಸಮೀಕ್ಷೆಯೊಂದು ಸುರತ್ಕಲ್ಲಿನ ಎನ್‌ಐಟಿಕೆಯಿಂದಲೇ ಬಂದಿದೆ. ಸತ್ಯಪಾಲ ಹೆಗ್ಡೆ ಮತ್ತು ಕೆ. ನಾರಾಯಣ ಪ್ರಭು ಅದನ್ನು 2008ರಲ್ಲಿ ಪ್ರಕಟಿಸಿದರು.

ಟಿ6 ಇಲ್ಲಿ ಎರಡನೆಯ ಕೆಲಸವನ್ನೂ ಮಾಡುತ್ತದೆ. 540 ಡಿಗ್ರಿಯಲ್ಲಿ ಗಂಟೆಗಟ್ಟಲೆ ಇದ್ದಾಗ ಸಿಲಿಕಾನ್ ಎಳೆಗಳು ತುಂಡಾಗಿ ಗುಂಡಗಾಗುತ್ತವೆ. ಚೂಪು ಅಂಚು ಹೋದರೆ ಬಿರುಕಿಗೆ ಮೂಲವೂ ತಗ್ಗುತ್ತದೆ. ಎರಡು ಪಂಥಗಳು ಒಂದೇ ಕುಲುಮೆಯಲ್ಲಿ ಕೂಡುವ ಜಾಗ ಇದು. ಹಾಗೆಂದು ಎಲ್ಲ ಎರಕವನ್ನೂ ಮಾಗಿಸಿ ಪ್ರಯೋಜನವಿಲ್ಲ. ಎಲ್‌ಎಂ6ರಲ್ಲಿ ಸುಮಾರು ಶೇ. 12ರಷ್ಟು ಸಿಲಿಕಾನ್ ಇದೆ, ಕಣ ಕಟ್ಟಲು ಬೇಕಾದ ಮೆಗ್ನೀಷಿಯಂ ಹೆಚ್ಚುಕಡಿಮೆ ಇಲ್ಲ. ಅದನ್ನು ಎಷ್ಟು ಹೊತ್ತು ಓವನ್ನಿನಲ್ಲಿಟ್ಟರೂ ಗಡಸುತನ ಏರುವುದಿಲ್ಲ. ಕರೆಂಟು ಖರ್ಚಾಗುತ್ತದೆ ಅಷ್ಟೇ.

ಹರಳಿನ ಗಾತ್ರ

ಹರಳು ಚಿಕ್ಕದಾದಷ್ಟೂ ಲೋಹ ಒಳ್ಳೆಯದು ಎಂಬುದು ಹಳೆಯ ನಂಬಿಕೆ. 1949ರಲ್ಲಿ ಸಿಬುಲಾ ಟೈಟಾನಿಯಂ, ಬೋರಾನ್‌ಗಳ ಕಣಗಳು ಹರಳಿಗೆ ಬೀಜವಾಗುವುದನ್ನು ವಿವರಿಸಿದ. ಆದರೆ ಸಿಲಿಕಾನ್ ಹೆಚ್ಚಿರುವ ಎರಕಗಳಲ್ಲಿ ಮಾಮೂಲಿ ಬೀಜಗಳು ಸೋಲುತ್ತವೆ. ಬಾಗಲಕೋಟೆಯ ಬಸವೇಶ್ವರ ಎಂಜಿನಿಯರಿಂಗ್ ಕಾಲೇಜಿನ ಎಸ್. ಎ. ಕೋರಿಯವರು ಮೂರ್ತಿ ಮತ್ತು ಚಕ್ರವರ್ತಿಯವರೊಂದಿಗೆ 2000ದ ಆಸುಪಾಸಿನಲ್ಲಿ ಮಾಡಿದ ಕೆಲಸ, ಶೇ. 7ರಷ್ಟು ಸಿಲಿಕಾನ್ ಇರುವಲ್ಲಿ ಟೈಟಾನಿಯಂಗಿಂತ ಬೋರಾನ್ ಹೆಚ್ಚಿರುವ ಬೀಜವೇ ಮೇಲು ಎಂದು ತೋರಿಸಿತು. ಬಲದ ದೃಷ್ಟಿಯಿಂದ ನೋಡಿದರೆ ಇಡೀ ಹರಳಿನ ಗಾತ್ರಕ್ಕಿಂತ, ಹರಳು ಬೆಳೆಯುವಾಗ ಒಡೆಯುವ ಕವಲುಗಳ ನಡುವಿನ ಅಂತರವೇ ಹೆಚ್ಚು ನಿರ್ಣಾಯಕ. ಅದನ್ನು ತೀರ್ಮಾನಿಸುವುದು ಲೋಹ ಆರುವ ವೇಗ. ಅದೇ ಎಲ್‌ಎಂ25 ಲೋಹದ ಅಚ್ಚಿನಲ್ಲಿ ಬೇಗ ಆರಿ ಟಿ6 ಪಡೆದರೆ ಬಲ 280ರಿಂದ 320 ಮೆಗಾಪಾಸ್ಕಲ್‌ಗೆ ಏರುವುದು ಬಹುಮಟ್ಟಿಗೆ ಇದರಿಂದ.

ಎರೆಯುವ ಕೈಯಲ್ಲೇ ಎಲ್ಲ ಇದೆ ಎನ್ನುವವರು

ಬರ್ಮಿಂಗ್‌ಹ್ಯಾಮಿನ ಜಾನ್ ಕ್ಯಾಂಪ್‌ಬೆಲ್ 1991ರಲ್ಲಿ ‘ಕಾಸ್ಟಿಂಗ್ಸ್’ ಎಂಬ ಪುಸ್ತಕ ಪ್ರಕಟಿಸಿದರು. ಅಲ್ಲಿಂದ ಬೆಳೆದ ಅವರ ವಾದ ಸರಳ, ಆದರೆ ಕಟು. ಕರಗಿದ ಅಲ್ಯೂಮಿನಿಯಂ ಗಾಳಿಗೆ ಒಡ್ಡಿದ ಕ್ಷಣದಲ್ಲೇ ಆಕ್ಸೈಡಿನ ತೆಳು ಪೊರೆ ಹೊದ್ದುಕೊಳ್ಳುತ್ತದೆ. ಲೋಹ ದಬದಬನೆ ಬಿದ್ದಾಗ ಆ ಪೊರೆ ಮಡಚಿ ಒಳಹೋಗುತ್ತದೆ. ಮಡಿಕೆಯ ಎರಡು ಒಣ ಮುಖಗಳು ಒಂದಕ್ಕೊಂದು ಅಂಟುವುದಿಲ್ಲ, ಲೋಹ ಆರುವ ಮೊದಲೇ ಅದರೊಳಗೆ ಬಿರುಕು ಸಿದ್ಧವಾಗಿರುತ್ತದೆ. ಲೋಹದ ವೇಗ ಸೆಕೆಂಡಿಗೆ ಅರ್ಧ ಮೀಟರ್ ದಾಟಬಾರದು ಎಂಬುದು ಅವರ ಮಿತಿ. ಲೆಕ್ಕ ಹಾಕಿ ನೋಡಿ: ಸುಮಾರು ಹದಿಮೂರು ಮಿಲಿಮೀಟರ್ ಎತ್ತರದಿಂದ ಬಿದ್ದರೇ ಆ ವೇಗ ಬಂದುಬಿಡುತ್ತದೆ. ಸೌಟಿನಿಂದ ಅಚ್ಚಿನ ಬಾಯಿಗೆ ಗೇಣೆತ್ತರದಿಂದ ಹೊಯ್ಯುವ ನಮ್ಮ ಸಣ್ಣ ಫೌಂಡ್ರಿಗಳನ್ನು ನೆನೆದರೆ ಈ ಸಂಖ್ಯೆ ತಲೆ ಕೊರೆಯುತ್ತದೆ.

ಇದಕ್ಕೆ ಜಲಜನಕವೂ ಕೂಡಿಕೊಳ್ಳುತ್ತದೆ. ಒದ್ದೆ ಗುಜರಿ, ತೇವದ ಮೂಸೆ, ಮಳೆಗಾಲದ ಗಾಳಿ, ಎಲ್ಲದರಿಂದಲೂ ಅದು ಲೋಹಕ್ಕೆ ಇಳಿಯುತ್ತದೆ. ಗಟ್ಟಿಯಾಗುವ ಕ್ಷಣದಲ್ಲಿ ಅದನ್ನು ಹಿಡಿದಿಡುವ ಶಕ್ತಿ ಸುಮಾರು ಇಪ್ಪತ್ತನೇ ಒಂದು ಪಾಲಿಗೆ ಕುಸಿಯುತ್ತದೆ, ಉಳಿದದ್ದು ರಂಧ್ರಗಳಾಗುತ್ತದೆ. ಮಲೆನಾಡಿನ ಅಂಚಿನಲ್ಲಿ ಎರಕ ಹೊಯ್ಯುವವರಿಗೆ ಇದು ಬಯಲುಸೀಮೆಯವರಿಗಿಂತ ದೊಡ್ಡ ತಲೆನೋವು.

ಕ್ಯಾಂಪ್‌ಬೆಲ್ ಪಂಥ ಮುರಿಯುವ ಪ್ರಶ್ನೆಗೆ ಚೆನ್ನಾಗಿ ಉತ್ತರಿಸುತ್ತದೆ. ಒಂದೇ ದಿನ, ಒಂದೇ ಮೂಸೆಯಿಂದ ಎರೆದ ಹತ್ತು ತುಂಡುಗಳಲ್ಲಿ ಒಂಬತ್ತು ಹಿಗ್ಗಿ ಒಂದು ಮಾತ್ರ ಪಟ್ಟನೆ ಮುರಿಯುವುದು ಯಾಕೆ ಎಂಬುದನ್ನು ಕಣಗಳ ಪಂಥ ಹೇಳಲಾರದು, ಇದು ಹೇಳುತ್ತದೆ. ಆದರೆ ಗುಜರಿಯ ಮೂಲಕ ಸೇರುವ ಕಬ್ಬಿಣದ ಚಕ್ಕೆ, ಸಿಲಿಕಾನ್, ರಂಧ್ರ ಎಲ್ಲಕ್ಕೂ ಮೂಲ ಈ ಪೊರೆಯೇ ಎಂದು ಅದು ಹೊರಟಾಗ ಹಲವರು ಒಪ್ಪುವುದಿಲ್ಲ. ಇಷ್ಟು ತೆಳು ಪೊರೆಯನ್ನು ನೇರವಾಗಿ ಹಿಡಿದು ತೋರಿಸುವುದು ಕಷ್ಟ ಎಂಬುದು ಅವರ ತಕರಾರು, ಅದು ನ್ಯಾಯವಾದದ್ದೇ. ಆದರೂ ಸಣ್ಣ ಫೌಂಡ್ರಿಯೊಂದು ಯಾವುದಕ್ಕೆ ಮೊದಲು ಹಣ ಹಾಕಬೇಕು ಎಂದು ಕೇಳಿದರೆ, ಹೀಟ್ ಟ್ರೀಟ್‌ಮೆಂಟ್ ಓವನ್ನಿಗಿಂತ ಮೊದಲು ಒಣ ಗುಜರಿಗೆ, ಗ್ಯಾಸ್ ತೆಗೆಯುವ ಉಪಕರಣಕ್ಕೆ, ನಿಧಾನವಾಗಿ ಲೋಹ ತುಂಬುವ ಅಚ್ಚಿಗೆ ಎಂದೇ ನಾನು ಹೇಳುವುದು. ಒಳಗೆ ಬಿರುಕಿರುವ ಎರಕಕ್ಕೆ ಟಿ6 ಕೊಟ್ಟರೆ ಬಾಗುವ ಬಲ ಏರಬಹುದು, ಮುರಿಯುವ ಗಳಿಗೆ ದೂರವಾಗುವುದಿಲ್ಲ.

ಗುಜರಿಯೊಳಗಿನ ಕಬ್ಬಿಣ

ಅಲ್ಯೂಮಿನಿಯಂ ಗುಜರಿಯನ್ನು ಕರಗಿಸಿ ಮರುಬಳಸಲು, ಅದಿರಿನಿಂದ ಹೊಸದಾಗಿ ತೆಗೆಯುವುದರ ಸುಮಾರು ಶೇ. 5ರಷ್ಟು ಶಕ್ತಿ ಸಾಕು. ಇದಕ್ಕಿಂತ ಒಳ್ಳೆಯ ಸುದ್ದಿ ಲೋಹದ ಲೋಕದಲ್ಲಿ ಕಡಿಮೆ. ಆದರೆ ಗುಜರಿಯ ಜೊತೆ ಬರುವ ಬೋಲ್ಟು, ಪಿನ್ನು, ತುಕ್ಕು ಕರಗಿ ಕಬ್ಬಿಣ ಸೇರಿಕೊಳ್ಳುತ್ತದೆ. ಒಮ್ಮೆ ಸೇರಿದರೆ ಅಗ್ಗದಲ್ಲಿ ಹೊರತೆಗೆಯುವ ದಾರಿಯಿಲ್ಲ. ಘನ ಅಲ್ಯೂಮಿನಿಯಂನಲ್ಲಿ ಅದು ಹೆಚ್ಚುಕಡಿಮೆ ಕರಗುವುದೇ ಇಲ್ಲವಾದ್ದರಿಂದ ಸಿಲಿಕಾನಿನ ಜೊತೆಗೂಡಿ ಬ್ಲೇಡಿನಂಥ ಚಕ್ಕೆಗಳಾಗುತ್ತದೆ. ಕುಲುಮೆಯ ಶಾಖಕ್ಕೆ ಸಿಲಿಕಾನ್ ಗುಂಡಗಾಗುತ್ತದೆ, ಈ ಚಕ್ಕೆಗಳು ಜಗ್ಗುವುದಿಲ್ಲ. ಕಬ್ಬಿಣದ ಅರ್ಧದಷ್ಟು ಮ್ಯಾಂಗನೀಸ್ ಸೇರಿಸಿದರೆ ಚಕ್ಕೆಯ ಬದಲು ಅಪಾಯ ಕಡಿಮೆಯಿರುವ ಕವಲು ಆಕಾರ ಬರುತ್ತದೆ ಎಂಬುದು ಹಳೆಯ ಕೈಗುಣದ ಸೂತ್ರ. ಉಕ್ಕಿನ ಅಚ್ಚಿಗೆ, ಅಂದರೆ ಡೈಗೆ, ಒತ್ತಡದಲ್ಲಿ ಲೋಹ ನುಗ್ಗಿಸುವ ಡೈಕಾಸ್ಟಿಂಗಿನವರಿಗೆ ಮಾತ್ರ ಒಂದಿಷ್ಟು ಕಬ್ಬಿಣ ಬೇಕು. ಇಲ್ಲದಿದ್ದರೆ ಲೋಹ ಉಕ್ಕಿನ ಡೈಗೇ ಅಂಟಿಕೊಳ್ಳುತ್ತದೆ.

ಡೈಕಾಸ್ಟಿಂಗಿಗೆ ಇನ್ನೊಂದು ಶಾಪವಿತ್ತು. ಒತ್ತಡದಲ್ಲಿ ಲೋಹ ನುಗ್ಗುವಾಗ ಗಾಳಿ ಸಿಕ್ಕಿಬೀಳುತ್ತದೆ, 540 ಡಿಗ್ರಿಗೆ ಕಾಯಿಸಿದರೆ ಮೈಮೇಲೆ ಗುಳ್ಳೆ ಏಳುತ್ತದೆ. ಹೀಗೆ ಎರೆಯುವ ಬೈಕಿನ ಎಂಜಿನ್ ಕೇಸುಗಳಿಗೆ ಸಾಮಾನ್ಯವಾಗಿ ಟಿ6 ಕೊಡದಿರಲು ಇದೇ ಕಾರಣ. ಈ ಶತಮಾನದ ಮೊದಲ ದಶಕದಲ್ಲಿ ಆಸ್ಟ್ರೇಲಿಯದ ಸಿಎಸ್‌ಐಆರ್‌ಒ ಸಂಶೋಧಕರು, ಶಾಖ ಸ್ವಲ್ಪ ತಗ್ಗಿಸಿ ಗಂಟೆಗಳ ಬದಲು ಕೆಲವೇ ನಿಮಿಷ ಇಟ್ಟರೆ ಗುಳ್ಳೆ ಏಳದೆ ಬಲ ಬರುತ್ತದೆ ಎಂದು ತೋರಿಸಿದರು.

ಇನ್ನೂ ತೀರ್ಮಾನವಾಗದ್ದು

ಸ್ಟ್ರಾನ್ಷಿಯಂ ಸಿಲಿಕಾನನ್ನು ಪಳಗಿಸುತ್ತದೆ, ಆದರೆ ಅದನ್ನು ಸೇರಿಸಿದ ಎರಕಗಳಲ್ಲಿ ರಂಧ್ರ ಹೆಚ್ಚು ಎಂಬ ದೂರು ಬಹುಕಾಲದ್ದು. ಅದು ಸ್ಟ್ರಾನ್ಷಿಯಂನ ತಪ್ಪೋ, ಅದು ತರುವ ಆಕ್ಸೈಡಿನದೋ, ಲೋಹ ಆರುವ ಕ್ರಮ ಬದಲಾದದ್ದರ ಫಲವೋ ಎಂಬುದರಲ್ಲಿ ಒಮ್ಮತವಿಲ್ಲ.

2020ರಿಂದ ಟೆಸ್ಲಾ ಕಾರಿನ ಹಿಂಬದಿಯ ತಳಭಾಗವನ್ನು ಒಂದೇ ದೊಡ್ಡ ಎರಕವಾಗಿ ಹೊಯ್ಯತೊಡಗಿತು. ಅಷ್ಟು ದೊಡ್ಡ ತೆಳು ಎರಕವನ್ನು ಕಾಯಿಸಿ ನೀರಿಗೆ ಅದ್ದಿದರೆ ಸೊಟ್ಟಗಾಗುತ್ತದೆ. ಹಾಗಾಗಿ ಹೀಟ್ ಟ್ರೀಟ್‌ಮೆಂಟ್ ಬೇಡದ ಮಿಶ್ರಲೋಹಗಳ ಹುಡುಕಾಟ ಜೋರಾಗಿದೆ. ಅವು ಸಾಮಾನ್ಯವಾಗಿ ಕಬ್ಬಿಣ ಕಡಿಮೆಯಿರುವ ಶುದ್ಧ ಲೋಹ ಕೇಳುತ್ತವೆ, ಪರಿಸರ ಗುಜರಿಯನ್ನು ಕೇಳುತ್ತದೆ. ಯಾವುದು ಗೆಲ್ಲಬೇಕು ಎಂಬುದು ಲೋಹಶಾಸ್ತ್ರದ ಪ್ರಶ್ನೆಯಷ್ಟೇ ಆಗಿ ಉಳಿದಿಲ್ಲ.

ನನಗೆ ಎಲ್ಲಕ್ಕಿಂತ ಹತ್ತಿರದ್ದೆನಿಸುವ ಪ್ರಶ್ನೆ ಇನ್ನೊಂದಿದೆ. ನೀರಿಗೆ ಅದ್ದಿದ ಎರಕವನ್ನು ಓವನ್ನಿಗೆ ಹಾಕುವ ಮುನ್ನ ಎಷ್ಟು ಹೊತ್ತು ಹೊರಗೆ ಬಿಡಬಹುದು? ಆ ನಡುವೆ ಪರಮಾಣುಗಳು ತಮ್ಮಷ್ಟಕ್ಕೆ ಗುಂಪು ಕಟ್ಟತೊಡಗುತ್ತವೆ. ಆ ಗುಂಪುಗಳು ಕೆಲವು ಮಿಶ್ರಲೋಹಗಳಲ್ಲಿ ಮುಂದಿನ ಕಣಗಳಿಗೆ ನೆರವಾಗುತ್ತವೆ, ಕೆಲವದರಲ್ಲಿ ಅಡ್ಡಗಾಲು ಹಾಕುತ್ತವೆ. ಯಾಕೆ ಹೀಗೆ ಎಂಬುದಕ್ಕೆ ಎಲ್ಲರೂ ಒಪ್ಪುವ ವಿವರಣೆ ಬಂದಿಲ್ಲ. ಕರೆಂಟು ಹೋಗಿ ಓವನ್ ತಡವಾಗುವ, ಅದ್ದಿದ ಎರಕವನ್ನು ಲಾರಿಯಲ್ಲಿ ಬೇರೆ ಊರಿಗೆ ಕಳಿಸಿ ಮಾಗಿಸುವ ನಮ್ಮ ಸಣ್ಣ ಘಟಕಗಳಲ್ಲಿ ಈ ಅಂತರ ಒಂದೊಂದು ದಿನ ಒಂದೊಂದು ಥರ. ಗಡಸುತನ ಅಳೆಯುವ ಯಂತ್ರ ಮೆಕ್ಯಾನಿಕಲ್ ಎಂಜಿನಿಯರಿಂಗ್ ಕಲಿಸುವ ಕಾಲೇಜುಗಳ ಲ್ಯಾಬುಗಳಲ್ಲಿ ಇರುತ್ತದೆ. ಹಾಸನದಲ್ಲಿ ಮಲೆನಾಡು ಎಂಜಿನಿಯರಿಂಗ್ ಕಾಲೇಜು 1960ರಿಂದ ಇದೆ. ಇಲ್ಲಿನ ಗುಜರಿಯಿಂದ ಎರೆದ ತುಂಡುಗಳನ್ನು ಒಂದು ಗಂಟೆ, ಒಂದು ದಿನ, ಮೂರು ದಿನ ಬಿಟ್ಟು ಮಾಗಿಸಿ ಗಡಸುತನ ಅಳೆಯುವುದು ವಿದ್ಯಾರ್ಥಿಗಳ ಕೈಗೆಟುಕುವ ಕೆಲಸ. ಕಬ್ಬಿಣ, ತಾಮ್ರ ಎರಡೂ ಏರುಪೇರಾಗಿರುವ ಇಂಥ ಲೋಹದಲ್ಲಿ ಆ ತಡ ಎಷ್ಟು ಬಲ ಕಸಿಯುತ್ತದೆ, ಅಥವಾ ಕೊಡುತ್ತದೆ, ಎಂಬುದನ್ನು ಶುದ್ಧ ಮಿಶ್ರಲೋಹದ ಮೇಲೆ ಮಾಡಿದ ಪ್ರಯೋಗಗಳು ನಮಗೆ ಹೇಳಲಾರವು.